ಉಪ್ಪು ಹಾಕಿದ್ದನ್ನು ನೋಡಲು ಒಬ್ಬರು

ಮಲ್ಲೇಶ್ವರದ ಮಾನಸಿಕ ಸಲಹಾ ಕೇಂದ್ರಕ್ಕೆ ಹೋದ ಮೊದಲ ದಿನ ಗಿರಿಜಾಂಬಾ ಡಾಕ್ಟರನ್ನು ನೋಡದೆಯೇ ವಾಪಸು ಬಂದಳು. ಹಿಂದೆ ಕೂತವರಿಗೆಲ್ಲ "ನೀವು ಹೋಗಿ, ನನಗೇನೂ ಅರ್ಜೆಂಟಿಲ್ಲ" ಎಂದು ಸರದಿ ಬಿಟ್ಟುಕೊಡುತ್ತ ಕೂತಳು. ಕೊನೆಗೆ ಕೋಣೆಗೆ ಬೀಗವೇ ಬಿತ್ತು. ಅರ್ಜೆಂಟಿಲ್ಲವಂತೆ. ಚಾಮರಾಜಪೇಟೆಯಲ್ಲಿ ಬಸ್ಸು ಹತ್ತುವಾಗ ಡವಡವ ಹೊಡೆದುಕೊಳ್ಳುತ್ತಿದ್ದದ್ದು ಯಾರ ಎದೆಯೋ ಏನೋ.

ಅದು ೧೯೮೩. ಮಾವನವರ ತಿಥಿ ಹತ್ತಿರ ಬಂದಿತ್ತು. ತಿಥಿಯ ಅಡುಗೆಯನ್ನು ಮಡಿಯಲ್ಲೇ ಮಾಡಬೇಕು, ಬಡಿಸುವ ಮುಂಚೆ ರುಚಿ ನೋಡುವಂತಿಲ್ಲ. ಬೇರೆ ಮನೆಗಳ ಸೊಸೆಯರಿಗೆ ಅದೊಂದು ಪದ್ಧತಿ, ಇವಳಿಗೆ ಪ್ರಾಣಸಂಕಟ. ಸಾರಿಗೆ ಉಪ್ಪು ಹಾಕುತ್ತಾಳೆ. ಅಷ್ಟರಲ್ಲಿ ಹಿತ್ತಲ ನಲ್ಲಿ ಸದ್ದು ಮಾಡುತ್ತದೆ, ಮನಸ್ಸು ಅತ್ತ ಓಡುತ್ತದೆ. ತಿರುಗಿ ಬಂದರೆ, ಹಾಕಿದೆನೋ ಇಲ್ಲವೋ? ಹೋದ ವರ್ಷ ಎರಡು ಸಲ ಬಿದ್ದಿತ್ತು. ಊಟಕ್ಕೆ ಕೂತ ಬ್ರಾಹ್ಮಣರು ತುಟಿಪಿಟಕ್ಕೆನ್ನದೆ ಉಂಡು, ಚೊಂಬುಗಟ್ಟಲೆ ನೀರು ಕುಡಿದು ಎದ್ದರು. ಗಂಡ ವರದರಾಜ ಬಾಯಿ ಬಿಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಎರಡನೇ ಸಲ ಡಾಕ್ಟರ್ ರಂಗನಾಯಕಿ ತಾವೇ ಹೊರಗೆ ಬಂದು ಅವಳನ್ನು ಒಳಗೆ ಕರೆದು ಉಪ್ಪಿನ ಕಥೆಯನ್ನೆಲ್ಲ ಕೇಳಿದರು.

"ಚಿಕ್ಕಂದಿನಿಂದ ಹೀಗೇನಾ?"

"ಹೂಂ. ಸ್ಕೂಲಲ್ಲಿ ಮೇಷ್ಟ್ರು ಗಾಳಿಪಟ ಅಂತಿದ್ರು. ಸೋಮಾರಿ ಅಲ್ಲ ಡಾಕ್ಟ್ರೇ, ನಿಜವಾಗ್ಲೂ ಕಷ್ಟಪಡ್ತೀನಿ. ಕ್ಷಮಿಸಿ, ನಿಮ್ಮ ಟೈಮು ಹಾಳು ಮಾಡ್ತಿದೀನಿ."

"ಗಮನ ಒಂದು ಕಡೆ ನಿಲ್ಲದೇ ಇರೋ ತೊಂದರೆ ಇದು. ಪುಸ್ತಕದಲ್ಲಿ ಮಕ್ಕಳ ಕಾಯಿಲೆ ಅಂತ ಬರೀತಾರೆ. ಆ ಮಕ್ಕಳು ದೊಡ್ಡೋರಾಗಲ್ವೇನಮ್ಮ? ಅಡುಗೆ ಮಾಡೋವಾಗ ಜೊತೇಲಿ ಒಬ್ಬರನ್ನ ಕೂರಿಸ್ಕೊಳ್ಳಿ. ಉಪ್ಪು ಹಾಕೋದನ್ನ ಅವರು ನೋಡ್ಲಿ. ಅಷ್ಟೇ."

ಹೇಳುವವರಿಗೇನು, ಅಷ್ಟೇ. ಮಡಿಯಲ್ಲಿ ಅಡುಗೆಮನೆಗೆ ಬರಬಹುದಾದವರು ಅತ್ತೆ ವಿಶಾಲಾಕ್ಷಮ್ಮ ಒಬ್ಬರೇ, ಅವರಿಗೋ ಮಂಡಿನೋವು. "ಅವರಿಗೆ ಯಾಕೆ ತೊಂದರೆ ಕೊಡ್ಲಿ" ಎಂದಳು ಗಿರಿಜಾಂಬಾ.

"ಮನೇಲಿ ದಿನಕ್ಕೊಂದು ಚಿಕ್ಕ ಸಹಾಯ ಕೇಳಿ ಅಭ್ಯಾಸ ಮಾಡ್ಕೊಳ್ಳಿ. ಕೇಳಿದ್ಮೇಲೆ ಕ್ಷಮಿಸಿ ಅನ್ಬೇಡಿ. ಮುಂದಿನ ವಾರ ಬಂದು ಹೇಳಿ."

ವರದರಾಜನಿಗೆ ನೀರು ತುಂಬಿಕೊಡಿ ಎಂದಳು. ಅವನು ಪೇಪರು ಮಡಿಸಿಟ್ಟು ತುಂಬಿಕೊಟ್ಟ, ಮತ್ತೆ ಪೇಪರು ಬಿಡಿಸಿದ. ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೂ ಅತ್ತೆಯ ಮುಂದೆ ನಿಂತರೆ ಬೇರೇನೋ ಮಾತಾಡಿ ವಾಪಸು ಬರುತ್ತಿದ್ದಳು.

ತಿಥಿಯ ದಿನವೂ ಬಂತು. ಸಾರು ಕುದಿಯುತ್ತಿತ್ತು, ಅಂಗೈಯಲ್ಲಿ ಉಪ್ಪು ಬೆವರಿಗೆ ಕರಗುತ್ತಿತ್ತು. ವಿಶಾಲಾಕ್ಷಮ್ಮ ಮಡಿಯುಟ್ಟು ನಡುಮನೆಯ ಮಣೆಯ ಮೇಲೆ ಸುಮ್ಮನೆ ಕೂತಿದ್ದರು.

"ಅತ್ತೆ, ಒಳಗೆ ಬಂದು ಕೂತ್ಕೊತೀರಾ? ಹಾಕಿದ್ದು ನನಗೆ ನೆನಪಿರಲ್ಲ. ನೀವು ನೋಡ್ತಿರಬೇಕು."

ಕ್ಷಮಿಸಿ ಎನ್ನಲು ನಾಲಿಗೆ ತುರಿಸಿತು. ಕಚ್ಚಿ ಹಿಡಿದಳು. ವಿಶಾಲಾಕ್ಷಮ್ಮ ಗೋಡೆ ಹಿಡಿದು ನಿಧಾನಕ್ಕೆ ಎದ್ದು ಬಂದರು.

"ಹೋದ ವರ್ಷ ನಾನಾಗೇ ಬಂದೆ. ನೀವು ಹೋಗಿ ಕೂತ್ಕೊಳ್ಳಿ ಅಂತ ನೀನೇ ಅಂದ್ಬಿಟ್ಟೆ. ಇನ್ನು ನಾನು ಯಾವ ಕೆಲಸಕ್ಕೂ ಬೇಡ ಅಂದ್ಕೊಂಡೆ ಗಿರಿಜಾ. ಹೂಂ, ಹಾಕು."

ಗಿರಿಜಾಂಬಾ ಒಲೆಯ ಪಕ್ಕಕ್ಕೆ ಸರಿದು ಅವರಿಗೆ ಜಾಗ ಮಾಡಿಕೊಟ್ಟಳು. ತೊಂದರೆ ಕೊಡಬಾರದೆಂದು ದೂರ ಇಟ್ಟದ್ದು ಇವರನ್ನೇ. ಉಪ್ಪು ಹಾಕಿದಳು.

ಎಲೆ ಬಿತ್ತು. ಸಾರು ಬಡಿಸಿ ಬಂದು ಬಾಗಿಲ ಮರೆಯಲ್ಲಿ ನಿಂತಳು. ಯಾರು ನೀರಿನ ಲೋಟಕ್ಕೆ ಕೈಹಾಕಿದರೂ ಜೀವ ಹಾರುತ್ತಿತ್ತು.

"ಅತ್ತೆ, ಸಾರಿಗೆ ಉಪ್ಪು?"

"ಒಂದೇ ಸಲ ಹಾಕಿದೀಯ. ನಾನು ನೋಡಿದೀನಿ."

ಪಾಯಸದ ಹೊತ್ತಿಗೆ ಮತ್ತೆ ಕೇಳಿದಳು. ವಿಶಾಲಾಕ್ಷಮ್ಮ ಬೇಸರಿಸಲಿಲ್ಲ.

"ಎಷ್ಟು ಸಲ ಬೇಕಾದ್ರೂ ಕೇಳು. ನಾನು ಇಲ್ಲೇ ಇದೀನಿ."