ನಮ್ಮ ಕಂಪ್ಯೂಟರಿನ ಹಳೆಯ ಜನವರಿ

ಕಳೆದ ಮಂಗಳವಾರ ನಮ್ಮ ಕಂಪ್ಯೂಟರ್ ಏಳಲಿಲ್ಲ.

ಬಟನ್ ಒತ್ತಿದೆ. ಫ್ಯಾನ್ ತಿರುಗಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಇಂಗ್ಲಿಷಿನ ಒಂದು ಸಾಲು ಬಂತು. ಶುರು ಮಾಡಲು ಡಿಸ್ಕೇ ಸಿಗುತ್ತಿಲ್ಲ, ಬೇರೆ ಡಿಸ್ಕ್ ಹಾಕಿ ಎಂಬುದು ಅದರ ಸಾರ. ಆರಿಸಿ ಮತ್ತೆ ಹಚ್ಚಿದೆ. ಅದೇ ಸಾಲು. ಬೇರೆ ಡಿಸ್ಕ್ ಹಾಕಿ ಏನು ಮಾಡಲಿ? ನನಗೆ ಬೇಕಾದದ್ದು ಇದರಲ್ಲೇ ಇದೆ.

ಬೇಕಾದದ್ದು ನಮ್ಮ ಅವ್ವನ ಜೋಗುಳ.

ತಂಗಿಯ ಮಗಳು ಶ್ರುತಿಗೆ ಹೆಣ್ಣುಮಗುವಾಗಿದೆ. ಭಾನುವಾರ ಆಂಟಾಪ್ ಹಿಲ್‌ನ ಅವರ ಮನೆಯಲ್ಲಿ ತೊಟ್ಟಿಲ ಕಾರ್ಯ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಹಿಂದಿ-ಮರಾಠಿ ಬೆರೆತ ತನ್ನ ಕನ್ನಡದಲ್ಲೇ ಫೋನ್ ಮಾಡಿದ್ದಳು. "ಮಾವಶಿ, ಅಜ್ಜಿದು ಆ ಜೋಗುಳ ನಿಮ್ಮ ಕಂಪ್ಯೂಟರ್‌ದಲ್ಲಿ ಇದೆ ನಾ? ಬೇಬಿಗೆ ವೋಹೀ ಹಚ್ಚೋದು. ಮೊಬೈಲ್‌ದು ಯಾವದೂ ಬೇಡ." ಇದೆ ಎಂದೆ. ಅಷ್ಟು ಸಲೀಸಾಗಿ ಹೇಳಿಬಿಟ್ಟೆ.

ಅವ್ವ ತೀರಿಕೊಂಡು ಒಂಬತ್ತು ವರ್ಷ. ಅವಳ ದನಿ ಉಳಿದಿರುವುದು ಈ ಡಬ್ಬಿಯೊಳಗೆ ಮಾತ್ರ. (ಕಾಪಿ ಯಾಕೆ ಮಾಡಿಡಲಿಲ್ಲ ಎಂದು ಕೇಳಬೇಡಿ. ನಿಮ್ಮ ಮನೆಯ ಹಳೆಯ ಫೋಟೋಗಳನ್ನು ನೀವು ಮಾಡಿಟ್ಟಿದ್ದೀರಾ?)

ತಪ್ಪು ಯಾರದು? ಖಂಡೇ ಪೂಜೆಯದು ಅನ್ನಬೇಕು. ಆಯುಧಪೂಜೆಗೆ ನಮ್ಮ ಧಾರವಾಡದ ಕಡೆ ಹಾಗೇ ಹೇಳುವುದು. ಸಯನ್‌ನ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಆಯುಧಗಳೆಂದರೆ ಈಳಿಗೆ, ಮಿಕ್ಸರ್, ಹೊಲಿಗೆ ಯಂತ್ರ ಮತ್ತು ಕಂಪ್ಯೂಟರ್. ಆ ದಿನ ಎಲ್ಲಕ್ಕೂ ರಜೆ. ನಮ್ಮನೆಯವರು ಕಂಪ್ಯೂಟರಿನ ಪ್ಲಗ್ ಕಿತ್ತು, ಒರೆಸಿ, ಕುಂಕುಮ ಹಚ್ಚಿ, ಅಕ್ಷತೆ ಹಾಕಿ, ಚೆಂಡು ಹೂವಿನ ಮಾಲೆ ಏರಿಸಿದರು. ಮರುದಿನ ಮಿಕ್ಸರ್ ಡ್ಯೂಟಿಗೆ ಬಂತು. ಈಳಿಗೆಯೂ ಬಂತು. ಕಂಪ್ಯೂಟರಿನ ಪ್ಲಗ್ ಮಾತ್ರ ಯಾರೂ ಹಚ್ಚಲಿಲ್ಲ. ಕೈಯಲ್ಲಿ ಮೊಬೈಲ್ ಇದ್ದಮೇಲೆ ಅದು ಯಾರಿಗೆ ಬೇಕು? ಮಾಲೆ ಎಂಟು ತಿಂಗಳು ಅಲ್ಲೇ ಒಣಗಿತು.

"ಡಿಸ್ಕ್ ಹೋಗೇದ. ಗುಜರಿ ಭಂಗಾರದವಗ ಕೊಟ್ಟಬಿಡು," ಎಂದರು ನಮ್ಮನೆಯವರು, ಪೇಪರಿನಿಂದ ತಲೆಯೆತ್ತದೆ. "ಸತ್ತದ್ದನ್ನ ಎಷ್ಟು ದಿನಾ ಇಟಗೊಂಡ ಕೂಡ್ತಿ?"

ನನಗೆ ಸಿಟ್ಟು ಬಂದಿತ್ತು. ಸಿಟ್ಟಿಗಿಂತ ಹೆಚ್ಚು ಹೆದರಿಕೆಯಿತ್ತು.

ಕುರ್ಲಾ ಸ್ಟೇಷನ್ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ಇಕ್ಬಾಲ್‌ಗೆ ಫೋನ್ ಮಾಡಿದೆ. ವಿಜಯಪುರದವನು. ಹಿಂದೊಮ್ಮೆ ಈ ಡಿಸ್ಕ್ ಹಾಕಿಕೊಟ್ಟವನೂ ಅವನೇ. ಬರುತ್ತೇನೆ ಬರುತ್ತೇನೆ ಎಂದು ಶನಿವಾರ ಮಧ್ಯಾಹ್ನ ಬಂದ. ಮರುದಿನವೇ ತೊಟ್ಟಿಲು. ಆ ನಾಲ್ಕು ದಿನ ನಾನು ಹೇಗೆ ಕಳೆದೆ ಎಂದು ನನಗೇ ಗೊತ್ತು.

ಪೆಟ್ಟಿಗೆ ಬಿಚ್ಚಿದರೆ ಒಳಗಿಂದ ನಾಲ್ಕು ಅಕ್ಕಿಕಾಳು ಉದುರಿದವು. "ಪೂಜಿ ಜೋರ್ ಮಾಡೀರಿ," ಎಂದು ನಕ್ಕ. ಆಮೇಲೆ ನಾಣ್ಯದಷ್ಟು ಅಗಲದ ಒಂದು ಸೆಲ್ ತೆಗೆದು ಅಂಗೈಯಲ್ಲಿಟ್ಟು ತೋರಿಸಿದ.

"ಅಕ್ಕಾರ, ಸತ್ತಿದ್ದು ಈ ಸೆಲ್. ಪ್ಲಗ್ ತಗದ ಇಷ್ಟ ತಿಂಗಳ ಇಟ್ರ, ಇದೊಂದರ ಮ್ಯಾಲ ಎಷ್ಟ ದಿನಾ ನೆನಪ ಇಟಗೋತೈತಿ? ನಾ ಹಾಕಿದ್ದ ಸೆಟ್ಟಿಂಗ್ ಎಲ್ಲಾ ಮರತೈತಿ. ಡಿಸ್ಕ್ ಒಳಗ ಐತ್ರಿ. ಎಲ್ಲಿ ಹುಡಕಬೇಕಂತ ಮಶೀನಿಗೆ ಗೊತ್ತಾಗವಲ್ದು, ಅಷ್ಟ."

ಹೊಸ ಸೆಲ್ ಹಾಕಿದ. ಯಂತ್ರ ಏಳುವ ಮೊದಲೇ ಒಂದು ಕೀಲಿಯನ್ನು ಟಕಟಕ ಒತ್ತಿದ. ನೀಲಿ ಪರದೆಯೊಂದು ತೆರೆಯಿತು. ಇಷ್ಟು ವರ್ಷ ಈ ಕಂಪ್ಯೂಟರಿನ ಜೊತೆಗಿದ್ದೂ ಈ ಜಾಗವನ್ನು ನಾನು ನೋಡಿಯೇ ಇರಲಿಲ್ಲ. ಬಣ್ಣವಿಲ್ಲ, ಚಿತ್ರವಿಲ್ಲ, ಸದ್ದಿಲ್ಲ. ಕಿಟಕಿಯಾಚೆ ಲೋಕಲ್ ರೈಲು ಹೋಗುವ ಸದ್ದು ಕೂಡ ದೂರದ್ದೆನಿಸಿತು.

"ಎದ್ದ ಕೂಡ್ಲೇ ಮೊದಲ ಯಾರನ್ನ ಕೇಳಬೇಕು ಅನ್ನೂ ಲಿಸ್ಟ್ ಇದು," ಎಂದ ಇಕ್ಬಾಲ್. ಮೊದಲು ಸೀಡಿ, ಆಮೇಲೆ ಪೆನ್ ಡ್ರೈವ್. ನಮ್ಮ ಡಿಸ್ಕಿನ ಹೆಸರೇ ಪಟ್ಟಿಯಲ್ಲಿಲ್ಲ. ಬೇರೊಂದು ಪುಟಕ್ಕೆ ಹೋಗಿ ಡಿಸ್ಕಿನ ಸೆಟ್ಟಿಂಗ್ ಬದಲಿಸಿದ. ಸೇವ್ ಮಾಡಿದ. ಮರಳಿ ಬಂದರೆ ಹೆಸರು ಕಟ್ಟಕಡೆಯಲ್ಲಿ ಕಾಣಿಸಿತು. ಒಂದೊಂದೇ ಮೆಟ್ಟಿಲು ಹತ್ತಿಸಿ ಅದನ್ನು ಮೇಲಕ್ಕೆ ತಂದು ನಿಲ್ಲಿಸಿದ.

ಬೆಳಿಗ್ಗೆ ಕಣ್ಣು ಬಿಡುವ ಮೊದಲ ಗಳಿಗೆಯಲ್ಲಿ ನಿಮಗೂ ಹೀಗಾಗುತ್ತದೆಯೇ? ಯಾವ ಊರು, ಯಾವ ಮನೆ ಎಂದು ತಿಳಿಯುವುದಿಲ್ಲ. ಮೂವತ್ತು ವರ್ಷದಿಂದ ಸಯನ್‌ನಲ್ಲಿದ್ದೇನೆ. ನಮ್ಮ ಕೋಣೆಯ ಲೈಟಿನ ಸ್ವಿಚ್ ಬಲಗಡೆಗಿದೆ. ಆದರೂ ಅರೆನಿದ್ದೆಯಲ್ಲಿ ಕೈ ಎಡಗಡೆಗೇ ಹೋಗುತ್ತದೆ, ಧಾರವಾಡದ ಗೋಡೆ ಹುಡುಕಿಕೊಂಡು. ಅಲ್ಲಿ ಅವ್ವ ಒಲೆ ಹಚ್ಚುತ್ತಿರುತ್ತಾಳೆ. ಆಮೇಲೆ ಕಣ್ಣು ತೆರೆಯುತ್ತದೆ. ಮೊಬೈಲ್ ಕೈಗೆ ಬರುತ್ತದೆ, ಮತ್ತು ಅವ್ವ ಪಟ್ಟಿಯ ಕೆಳಗೆಲ್ಲೋ ಇಳಿದುಹೋಗುತ್ತಾಳೆ.

ನೀಲಿ ಪರದೆಯ ಮೇಲ್ತುದಿಯಲ್ಲಿ ತಾರೀಖಿತ್ತು. ಜನವರಿ ಒಂದು. ವರ್ಷ ನೋಡಿದರೆ ಹದಿನಾಲ್ಕು ವರ್ಷ ಹಿಂದಿನದು, ಯಂತ್ರ ತಯಾರಾದ ಕಾಲದ್ದು. "ಅದನ್ನ ಆಮ್ಯಾಲ ಹಾಕೂಣ್ರಿ, ಮೊದಲ ಡಿಸ್ಕ್ ಎದ್ದೇಳ್ತೈತೇನ್ ನೋಡೂಣು," ಎಂದು ಇಕ್ಬಾಲ್ ಕೀಲಿ ಒತ್ತಿದ.

ಎದ್ದಿತು.

ಫೈಲ್ ಸಿಕ್ಕಿತು. ಅದನ್ನು ಒತ್ತಿದೆ. ಮೊದಲು ಬಂದದ್ದು ಜೋಗುಳವಲ್ಲ. ಮೈಕನ್ನು ಫೋನ್ ಎಂದು ತಿಳಿದಿದ್ದ ಅವ್ವ ಜೋರಾಗಿ, "ಹಲೋ, ಊಟಾ ಆತಿಲ್ಲೋ?" ಎಂದಳು. ಆಮೇಲೆ ಹಾಡು. ನಡುವೆ ಕುಕ್ಕರ್ ಸೀಟಿ ಹೊಡೆಯಿತು. ಅವ್ವ ನಿಂತಳು, ಸೀಟಿ ಮುಗಿಯಲು ಬಿಟ್ಟಳು, ಬಿಟ್ಟಲ್ಲಿಂದಲೇ ಮತ್ತೆ ಹಿಡಿದಳು. ನಾನು ಅತ್ತೆ. ಇಕ್ಬಾಲ್ ತನ್ನ ಸ್ಕ್ರೂಗಳನ್ನು ಡಬ್ಬಿಗೆ ತುಂಬುವುದರಲ್ಲಿ ಮುಳುಗಿದವನಂತೆ ಕೂತಿದ್ದ.

ಬಾಗಿಲಲ್ಲಿ ನಮ್ಮನೆಯವರು ನಿಂತಿದ್ದರು. ಪೇಪರ್ ಮಡಚಿ ಕಂಕುಳಲ್ಲಿತ್ತು. ಹಾಡು ಮುಗಿಯುವವರೆಗೂ ಅಲುಗಲಿಲ್ಲ. ಆಮೇಲೆ ಒಳಗೆ ಹೋಗಿ, ಡ್ರಾಯರ್ ಎಲ್ಲ ತಡಕಾಡಿ, ಒಂದಲ್ಲ ಎರಡು ಪೆನ್ ಡ್ರೈವ್ ತಂದು ಮೇಜಿನ ಮೇಲಿಟ್ಟರು. (ಕ್ಷಮೆ ಕೇಳುವುದಕ್ಕೆ ಅವರಿಗೆ ಬರುವ ರೀತಿ ಇಷ್ಟೇ. ನನಗೆ ಸಾಕು.)

ಕಾಪಿ ಆಗುವಾಗ ಪರದೆಯ ಮೂಲೆಯಲ್ಲಿ ಇನ್ನೂ ಅದೇ ಜನವರಿ. ಆ ಜನವರಿಯಲ್ಲಿ ಧಾರವಾಡದ ಚಳಿ ತಾಳದೆ ಅವ್ವ ನಮ್ಮ ಮನೆಗೆ ಬಂದಿದ್ದಳು. ಸಂಕ್ರಾಂತಿಯ ರೊಟ್ಟಿಗೆಂದು ಸಜ್ಜೆ ಹಿಟ್ಟು ಕಟ್ಟಿಕೊಂಡು ಬಂದಿದ್ದಳು. ಜೋಗುಳ ರೆಕಾರ್ಡ್ ಮಾಡಿದ್ದು ಅದಾದ ಎರಡು ವರ್ಷಕ್ಕೆ. ಎಂದರೆ, ನಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಅವ್ವ ಈಗ ಅಡುಗೆಮನೆಯಲ್ಲಿದ್ದಾಳೆ, ಮತ್ತು ಆ ಹಾಡನ್ನು ಇನ್ನೂ ಹಾಡಬೇಕಾಗಿದೆ.

"ಇನ್ನ ಇವತ್ತಿನ ತಾರೀಖ ಹಾಕ್ಲ್ಯಾ ಅಕ್ಕಾರ?" ಎಂದ ಇಕ್ಬಾಲ್.

"ತಡಿ, ಚಾ ಕುಡದು ಹಾಕೀಯಂತ," ಎಂದೆ.

ನೀವಾಗಿದ್ದರೆ, ಹಾಕಿಬಿಡು ಅನ್ನುತ್ತಿದ್ದಿರಾ?