ಒಪ್ಪೊತ್ತಿನ ಬಾಡಿಗೆಗೆ ಸಿಕ್ಕ ಕಂಪ್ಯೂಟರ್

ಬನ್ನೂರಿನ ಆಚೆ, ನಾಲೆ ಏರಿಯ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೌತಮಿ ತೂಬಿನ ಕಟ್ಟೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ನೀರು ಎಲ್ಲಿಯವರೆಗೆ ಏರಿದೆ ಎಂದು ಟಾರ್ಚ್ ಬಿಟ್ಟು ನೋಡುತ್ತಿದ್ದಾರೆ. ಆಮೇಲೆ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, "ಇವತ್ತು ಮೇಲಿನ್ ಬಯಲ್ಗೆ ನೀರಿಲ್ಲ, ಕೆಳಗಿನ್ ಬಯಲೋರು ಬನ್ರಪ್ಪೋ" ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ ಊರಿನ ಮನೆಮನೆಯಲ್ಲೂ ಫೋನು ಬಡಿದುಕೊಳ್ಳುತ್ತದೆ. ಎತ್ತಿದವರಿಗೆಲ್ಲ ಇದೇ ದನಿ.

ಗೌತಮಿ ನೀರುಗಂಟಿ. ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿ ಬಿಡುವುದು ಅವರ ಮನೆತನದ ಕೆಲಸ. ತಂದೆ ದೊಡ್ಡಮಾದಯ್ಯ ಏರಿಯ ಉದ್ದಕ್ಕೂ ನಡೆದು ಕೂಗು ಹಾಕುತ್ತಿದ್ದರು. ಮಂಡಿ ನೋವಿಗೆ ಅವರು ಮೂಲೆ ಹಿಡಿದಾಗ, ಪಿಯುಸಿ ಓದಿದ್ದ ಮಗಳು ಕೆಲಸಕ್ಕೆ ನಿಂತರು. ಹೆಣ್ಣುಮಗಳು ತೂಬು ತಿರುಗಿಸುವುದೇ ಎಂದು ಮೂಗು ಮುರಿದವರೇ ಈಗ ಫೋನು ಬರದಿದ್ದರೆ ಅವರ ಮನೆ ಬಾಗಿಲಿಗೆ ಓಡಿ ಬರುತ್ತಾರೆ.

ಈ ಫೋನಿನ ಏರ್ಪಾಟನ್ನು ಜೋಡಿಸಿಕೊಟ್ಟವರು ಟಿ. ನರಸೀಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ದೀಪಕ್. ಎಲ್ಲರಿಗೂ ಕರೆ ಮಾಡುವ ಕಂಪ್ಯೂಟರ್ ಊರಿನಲ್ಲಿಲ್ಲ. ಯಾವುದೋ ಕಂಪನಿ ದೂರದಿಂದಲೇ ಬಾಡಿಗೆಗೆ ಕೊಡುವ, ಕ್ಲೌಡ್ ಎಂದರೆ 'ಮೋಡ'ದಲ್ಲಿರುವ ವರ್ಚುವಲ್ ಮಷೀನ್ ಅದು. ಬಾಡಿಗೆ ಕಟ್ಟುವುದು ರೈತರ ನೀರು ಬಳಕೆದಾರರ ಸಂಘ.

"ಮೋಡ್ದಲ್ಲಿ ನೀರಿರ್ತದೆ ಅಂತ ಗೊತ್ತಿತ್ತು, ಕಂಪ್ಯೂಟ್ರೂ ಅಲ್ಲೇ ಐತೆ ಅಂತ ಇವ್ಳು ಯೋಳಿದ್ಮೇಲೇ ಗೊತ್ತಾಗಿದ್ದು" ಎಂದು ನಗುತ್ತಾರೆ ಬೋರಯ್ಯ. ಅವರ ಗದ್ದೆ ನಾಲೆಯ ಕಟ್ಟಕಡೆಯಲ್ಲಿದೆ. "ಮುಂಚೆಲ್ಲಾ ನೀರು ಬಂದು ಓದ್ಮೇಲೆ ಗೊತ್ತಾಗದು ಸಾ. ಬರೀ ಕೆಸ್ರು ನೋಡ್ಕಂಡು ಮನೆಗೋಗದು."

ಈ ಬೆಳೆಯ ಹೊತ್ತಿಗೆ ಬಾಡಿಗೆ ಏರಿತು. ಸಂಘದ ಅಧ್ಯಕ್ಷ ಗಂಗಾಧರಸ್ವಾಮಿ, ಇನ್ನು ನಮ್ಮ ಕೈಲಾಗದು, ಮುಂದಿನ ತಿಂಗಳಿಂದ ಹಳೆಯ ಹಾಗೆ ಕೂಗಿಬಿಡು ಎಂದುಬಿಟ್ಟರು. ಗೌತಮಿಗೆ ಅನ್ನ ಸೇರಲಿಲ್ಲ. "ನಮ್ಮಪ್ಪನ್ ಕೂಗು ಕೊನೇ ಗದ್ದೆಗೆ ಯಾವತ್ತೂ ಮುಟ್ಲಿಲ್ಲ ಸಾ" ಎನ್ನುವಾಗ ಈಗಲೂ ಅವರ ಮುಖ ಸಪ್ಪಗಾಗುತ್ತದೆ.

ದೀಪಕ್ ಆಗ ಗೌತಮಿಯ ಮೊಬೈಲಿಗೆ ಒಂದು ಎಐ ಏಜೆಂಟ್ ಹಾಕಿಕೊಟ್ಟರು. ಹೇಳಿದರೆ ಸಾಕು, ಅದು ತಾನೇ ಕ್ಲೌಡ್ ಕಂಪನಿಗಳ ವೆಬ್‌ಸೈಟುಗಳನ್ನೆಲ್ಲ ಜಾಲಾಡಿ ದರ ಹುಡುಕಿ ತರುತ್ತದೆ. ಗೌತಮಿ "ತಿಂಗಳ ಬಾಡಿಗೆ ಎಷ್ಟು" ಎಂದು ಕೇಳಿದಷ್ಟು ಸಲವೂ ಅದು ತಿಂಗಳ ಬಾಡಿಗೆಯನ್ನೇ ಹೇಳಿತು. ಎಲ್ಲವೂ ಕೈಗೆಟುಕದ ದ್ರಾಕ್ಷಿ. ಕೊನೆಗೆ ಒಂದು ಮಧ್ಯಾಹ್ನ ರೋಸಿಹೋಗಿ, "ನಮಗೆ ದಿನಪೂರ್ತಿ ಬೇಡ, ಒಪ್ಪೊತ್ತು ಸಾಕು" ಎಂದು ಬರೆದರು. ಇಲ್ಲಿ ಅರ್ಧ ದಿನದ ಕೂಲಿಗೆ ಒಪ್ಪೊತ್ತು ಎನ್ನುತ್ತಾರೆ.

ಏಜೆಂಟ್ ತಡವರಿಸಿತು. "ಒಪ್ಪೊತ್ತು ಎಂದರೆ ಒಂದು ಹೊತ್ತು ಮಾತ್ರ ಊಟ ಮಾಡುವ ವ್ರತವೇ, ಅರ್ಧ ದಿನದ ಕೆಲಸವೇ?" ಎಂದು ಕೇಳಿತು.

"ಉಪಾಸ ಅಲ್ಲ ಕಣಪ್ಪಾ, ಕೂಲಿ ಅಂತ ಬರೆದೆ" ಎಂದು ಗೌತಮಿ ನಗುತ್ತಾರೆ. ಆಮೇಲೆ ಅದು ತಂದ ಉತ್ತರವೇ ಬೇರೆ. ಅವರ ಮಷೀನಿಗೆ ಗಂಟೆ ಲೆಕ್ಕದ ಬಾಡಿಗೆಯೂ ಉಂಟು. ದೀಪದಂತೆ ಆರಿಸಿಟ್ಟ ಹೊತ್ತಿಗೆ ಬಾಡಿಗೆಯಿಲ್ಲ, ಒಳಗಿಟ್ಟ ನಂಬರುಗಳಂಥ ಸರಕಿಗೆ ಮಾತ್ರ ಚೂರು ಕಾಸು. ಗೌತಮಿಗೆ ನಂಬಿಕೆ ಬರಲಿಲ್ಲ. ಕಂಪನಿಯ ದರದ ಪುಟವನ್ನು ತಾವೇ ತೆರೆದು ಓದಿದರು, ದೀಪಕ್‌ಗೂ ತೋರಿಸಿದರು. ಮಾತು ನಿಜ.

ಇಷ್ಟು ದಿನ ಅದನ್ನು ಹಗಲೂ ರಾತ್ರಿ ಉರಿಸಿದ್ದೇಕೆ? "ಆರ್ಸಿದ್ರೆ ಎಲ್ರ ನಂಬ್ರೂ ಅಳಿಸೋಯ್ತದೆ ಅಂತ ಭಯ ಸಾ. ಮೊದಲ್ನೇ ದಿನ ದೇವ್ರ ಮೇಲೆ ಭಾರ ಹಾಕಿ ಆರ್ಸಿದೆ."

ಮರುದಿನ ಮುಂಜಾನೆ ಏರಿಯ ಮೇಲೆ ನಿಂತು ಅದನ್ನು ಎಬ್ಬಿಸಿದರು. ಎಲ್ಲ ನಂಬರೂ ಇದ್ದಲ್ಲೇ ಇದ್ದವು. ಕರೆ ಬಿಟ್ಟು ಕಾದರು. ಬಯಲಿನ ತುದಿಯಿಂದ ಬೋರಯ್ಯ ತಿರುಗಿ ಫೋನು ಮಾಡಿ, "ನಿನ್ ಕರೆ ಬಂತು ಕಣವ್ವಾ" ಎಂದು ಸನಿಕೆ ಎತ್ತಿ ತೋರಿಸಿದರು. ಗೌತಮಿ ಅಲ್ಲೇ ಕೂತು ಅತ್ತರಂತೆ. ಬಾಡಿಗೆ ಸಂಘದ ಕೈಗೆಟುಕುವಷ್ಟಕ್ಕೆ ಇಳಿದಿದೆ. ಕೂಗುವ ಮಾತನ್ನು ಈಗ ಯಾರೂ ಎತ್ತುವುದಿಲ್ಲ. ಸದ್ಯ, ಊರು ಉಸಿರಾಡುತ್ತಿದೆ.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಕಾಲಿನ ಕೆಸರು ತೊಳೆಯುತ್ತಾ ಅವರು ಹೇಳುತ್ತಾರೆ: "ಮಿಷನ್ಗಂತೂ ರಜಾ ಸಿಕ್ತು ಸಾ. ನಂಗೂ ಭಾನುವಾರ ಒಪ್ಪೊತ್ತು ಕೊಡ್ಸಿ ಅಂತ ಯಾರ್ನ ಕೇಳ್ಬೇಕು?"