ಬಳೆ ತೊಟ್ಟ ಬೋಲ್ಟು

ಮೊರಾವಾ ಹೊಳೆಯ ದಂಡೆಯ ಆ ಊರಿನಲ್ಲಿ ಮಿಲಿಸಾವನ ಗ್ಯಾರೇಜಿಗೆ ಬಂದವರೆಲ್ಲ ಅವನನ್ನು ‘ಮೇಸ್ತ್ರಿ’ ಎಂದೇ ಕರೆಯುತ್ತಿದ್ದರು. ಅವನ ಹೆಂಡತಿ ರೊಸಾಂದಾಳನ್ನು ಯಾರೂ ಏನೆಂದೂ ಕರೆಯುತ್ತಿರಲಿಲ್ಲ. ಕಾಫಿ ಬೇಕೆನಿಸಿದಾಗ "ಮನೆಯವರು ಒಳಗಿದ್ದಾರಾ?" ಎಂದು ಕೇಳುತ್ತಿದ್ದರು, ಅಷ್ಟೆ.

ಹಿತ್ತಲ ಶೆಡ್ಡಿನಲ್ಲಿದ್ದ ಲೇತ್ ಯಂತ್ರ ಮಾತ್ರ ಅವಳದ್ದು. ಊರಿನ ವಾಲ್ವ್ ಕಾರ್ಖಾನೆಗೆ ಬೀಗ ಬಿದ್ದಾಗ, ಗುಜರಿಗೆ ಹೊರಟಿದ್ದ ಅದನ್ನು ಜಗಳವಾಡಿ ಮನೆಗೆ ತಂದಿದ್ದಳು. ಹರೆಯವನ್ನೆಲ್ಲ ಅಲ್ಲಿ ಅದರ ಮುಂದೆಯೇ ದುಡಿದು ಕಳೆದವಳಲ್ಲವೇ! ಗ್ಯಾರೇಜಿಗೆ ಬೇಕಾದ ಬುಷ್ಷು, ಪಿನ್ನು, ನಟ್ಟು ಎಲ್ಲ ಅವಳ ಕೈಯದೇ. ಮಿಲಿಸಾವನಿಗೆ ಬೋಲ್ಟು ಬಿಚ್ಚಲು ಬರುತ್ತಿತ್ತು, ಮಾತಾಡಲು ಇನ್ನೂ ಚೆನ್ನಾಗಿ ಬರುತ್ತಿತ್ತು. ರೊಸಾಂದಾಳಿಗಿದ್ದದ್ದು ಒಂದೇ ಆಸೆ, ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು: ಯಾರಾದರೊಬ್ಬರು, ಒಂದು ಸಲವಾದರೂ, ತನ್ನನ್ನು ಮೇಸ್ತ್ರಿ ಅನ್ನಬೇಕು.

ಮಿಲಿಸಾವನ ಅಕ್ಕನ ಮಗ ಒಬ್ರೆನ್ ಬೆಟ್ಟದ ರೇಸಿನ ಹುಚ್ಚು ಹಿಡಿಸಿಕೊಂಡು ಹಳೇ ಕಾರೊಂದನ್ನು ಸಜ್ಜು ಮಾಡಿದ್ದ. ಎಂಜಿನ್ನಿನ ಬಲ ಹೆಚ್ಚಿಸಿದ್ದನೇನೋ ಸರಿ, ಏರು ಬಂದರೆ ಪೆಟ್ರೋಲು ಸಾಲದೆ ಅದು ಕೆಮ್ಮುತ್ತಿತ್ತು. ಪೆಟ್ರೋಲಿನ ಒತ್ತಡವನ್ನು ಹಿಡಿದಿಡುವುದು ರೆಗ್ಯುಲೇಟರು ಅನ್ನುವ ಒಂದು ಪುಟ್ಟ ತಗಡಿನ ಡಬ್ಬಿ. ಒಳಗೊಂದು ರಬ್ಬರಿನ ಪೊರೆ, ಅದರ ಮೇಲೊಂದು ಸ್ಪ್ರಿಂಗು. ಸ್ಪ್ರಿಂಗು ಎಷ್ಟು ಬಿಗಿಯೋ ಒತ್ತಡ ಅಷ್ಟು. ತಿರುಗಿಸಿ ಹೆಚ್ಚುಕಡಿಮೆ ಮಾಡುವಂಥದ್ದು ಬೆಲ್‌ಗ್ರೇಡಿಗೆ ಹೋದರೂ ಸುಲಭಕ್ಕೆ ಸಿಗದು.

"ಸ್ಪ್ರಿಂಗು ಬಿಗಿಯಾಗ್ಲಿ ಅಂತ ಎಲ್ಲಾರೂ ಡಬ್ಬೀನ ವೈಸಿನ ದವಡೆಗೆ ಕೊಟ್ಟು ಹಿಂಡ್ತಾರೆ, ಅತ್ತೆ," ಎಂದ ಒಬ್ರೆನ್.

"ಹಿಂಡೋಕೆ ಅದೇನು ನಿಂಬೆಹಣ್ಣೇನೋ? ಕೊಡು ಇಲ್ಲಿ."

ಡಬ್ಬಿಯ ಅಂಚನ್ನು ಲೇತಿನಲ್ಲಿ ಹುಷಾರಾಗಿ ಕೊರೆದು ಮುಚ್ಚಳ ಬಿಚ್ಚಿದಳು. ಬಿಸಿ ತಾಗದಂತೆ ರಬ್ಬರನ್ನು ದೂರವಿಟ್ಟು, ಮುಚ್ಚಳದ ನಡುವೆ ತೂತು ಕೊರೆದು, ಅದರ ಮೇಲೆ ನಟ್ಟೊಂದನ್ನು ಬೆಸೆದಳು. ನಟ್ಟಿನೊಳಗೆ ಬೋಲ್ಟು, ಬೋಲ್ಟಿನ ಕೆಳಗೆ, ಸ್ಪ್ರಿಂಗಿನ ತಲೆಯ ಮೇಲೆ, ಪುಟ್ಟದೊಂದು ಬಟ್ಟಲು. ಬಿಗಿಸಿದರೆ ಒತ್ತಡ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಕೊನೆಗೆ, ಯಾರೂ ಕೇಳದಿದ್ದರೂ, ಬೋಲ್ಟಿನ ತಲೆಯ ಕೆಳಗೆ ಉಕ್ಕಿನ ಬಳೆಯೊಂದನ್ನು ತೊಡಿಸಿದಳು. ಬಳೆ ನಟ್ಟಿಗೆ ತಾಗಿದ ಮೇಲೆ ಬೋಲ್ಟು ಮುಂದಕ್ಕೆ ಹೋಗದು. ಕಾರಿನ ಹಳೇ ಪೈಪುಗಳು ಎಷ್ಟು ತಡೆದಾವೆಂದು ಮೀಟರು ಹಾಕಿ ನೋಡಿಯೇ ಆ ಬಳೆ ಮಾಡಿದ್ದಳು.

"ಇದನ್ನ ಮಾತ್ರ ತೆಗೀಬೇಡಿ," ಎಂದು ಗಂಡನಿಗೂ ಅಳಿಯನಿಗೂ ಹೇಳಿದಳು.

ಮೊದಲ ರೇಸಿನಲ್ಲೇ ಒಬ್ರೆನ್ ಗೆದ್ದ. ಜನ ಕಾರಿನ ಬಾನೆಟ್ಟಿಗೆ ಮುತ್ತಿಕೊಂಡರು. "ಯಾರಪ್ಪಾ ಇದನ್ನ ಮಾಡಿದ್ದು?" ಎಂದು ಯಾರೋ ಕೇಳಿದರು. ರೊಸಾಂದಾ ಬುತ್ತಿಯ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದಳು.

"ಇನ್ಯಾರು? ನಾನೇ!" ಎಂದ ಮಿಲಿಸಾವ್.

ಹಿಂದಿರುಗುವ ದಾರಿಯಲ್ಲಿ ಅವಳು ಮುಖ ತಿರುಗಿಸಿ ಕೂತದ್ದನ್ನು ನೋಡಿ, "ಗಂಡ ಹೆಂಡ್ತಿ ಮಧ್ಯೆ ನಂದೂ ನಿಂದೂ ಅಂತ ಇದೆಯೇನೇ?" ಎಂದು ನಕ್ಕ. ಎಂಥಾ ದೊಡ್ಡ ಮನಸ್ಸು ನೋಡಿ! ಮುಂದಿನ ರೇಸಿಗೆ ಅವಳು ಹೋಗಲೇ ಇಲ್ಲ.

ಆ ರೇಸಿನಲ್ಲೇ ಕಾರು ಹೊತ್ತಿಕೊಂಡಿತು. ಪೆಟ್ರೋಲಿನ ಪೈಪು ಸಿಡಿದಿತ್ತು. ಒಬ್ರೆನ್ನನ ಜೀವ ಉಳಿಯಿತು, ಎರಡೂ ಕೈ ಸುಟ್ಟವು. ಸಂಜೆ ಅಂಗಳದ ತುಂಬ ಜನ. ಹುಡುಗನ ತಾಯಿ ತಮ್ಮ ಮಿಲಿಸಾವನ ಅಂಗಿ ಹಿಡಿದು ಅಲ್ಲಾಡಿಸಿದಳು.

"ಆ ಹಾಳು ಡಬ್ಬೀನ ಮಾಡಿದ್ದು ಯಾರೋ? ಹೇಳೋ!"

ಮಿಲಿಸಾವ್ ಶೆಡ್ಡಿನ ಕಡೆ ಕೈ ತೋರಿಸಿದ. "ನನ್ನನ್ಯಾಕೆ ಕೇಳ್ತೀಯಾ? ಅಲ್ಲಿ ಮೇಸ್ತ್ರಿ ಅವಳೇ ಕಣೇ."

ಅಂತೂ ಆ ಮಾತು ಅವಳ ಕಿವಿಗೆ ಬಿತ್ತು, ಊರಿಗೆ ಊರೇ ಕೇಳುವಂತೆ. ರೊಸಾಂದಾ ಕಾರಿನಿಂದ ತಂದಿದ್ದ ಮಸಿ ಹಿಡಿದ ಡಬ್ಬಿಯನ್ನು ಎತ್ತಿ ನೋಡಿದಳು. ಬೋಲ್ಟು ಕತ್ತಿನವರೆಗೂ ಒಳಹೊಕ್ಕಿತ್ತು.

"ಬಳೆ ಎಲ್ಲಿ?"

"ಬೆಂಕೀಲಿ ಬಿದ್ದುಹೋಗಿರ್ಬೇಕು," ಎಂದ ಗಂಡ, ಮುಖ ನೋಡದೆ.

"ಬೋಲ್ಟಿನ ತಲೆ ಕೆಳಗಿರೋ ಉಕ್ಕು ಹೇಗೆ ಬೀಳುತ್ತೆ? ಯಾರೋ ಬಿಚ್ಚಿ ತೆಗೆದಿದ್ದಾರೆ!"

ಯಾರಿಗೆ ಬೇಕಿತ್ತು ಆ ಲೆಕ್ಕ? "ನನ್ನ ಮಗನ ಕೈ ತಿಂದ್ಯಲ್ಲೇ!" ಎಂದು ಒಬ್ರೆನ್ನನ ತಾಯಿ ಎದೆ ಬಡಿದುಕೊಂಡಳು. ಅಂದಿನಿಂದ ಬ್ರೆಡ್ಡು ತರಲು ಹೋದರೂ "ಏನ್ ಮೇಸ್ತ್ರೀ, ಇವತ್ತು ಯಾರಿಗೆ ಬೆಂಕಿ?" ಎಂಬ ಕುಹಕ. ಅವಳು ಲೇತಿಗೆ ಕಂಬಳಿ ಹೊದಿಸಿ ಶೆಡ್ಡಿಗೆ ಬೀಗ ಹಾಕಿದಳು. ತನ್ನ ಲೆಕ್ಕವೇ ತಪ್ಪಿತ್ತೇನೋ, ಮೀಟರು ಸರಿಯಾಗಿ ನೋಡಲಿಲ್ಲವೇನೋ ಎಂದು ಅವಳಿಗೇ ಅನುಮಾನ ಹತ್ತಿತು. ಗಂಡ ಬೇಕಾದ ನಟ್ಟುಗಳನ್ನು ಪೇಟೆಯಿಂದ ತಂದುಕೊಂಡ.

ಮನೆತನವನ್ನು ಕಾಯುವ ಸಂತನ ಹಬ್ಬದ ದಿನ ನೆಂಟರೆಲ್ಲ ಬಂದರು, ಒಬ್ರೆನ್ ಕೂಡ ಬಂದ. ಎರಡೂ ಕೈಗೆ ಬಿಳಿ ಪಟ್ಟಿ. ಗಂಡಸರು ಒಳಗೆ ಪ್ಲಮ್ ಸಾರಾಯಿ ಕುಡಿಯುತ್ತಿದ್ದರು. ರೊಸಾಂದಾ ಅವನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು, ಕೋಸಿನೆಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸವನ್ನು ಚಮಚದಿಂದ ಮುರಿದು ಮುರಿದು ತಿನ್ನಿಸಿದಳು.

"ಅತ್ತೆ, ಆ ಬಳೇನ ಮಾವ ನನ್ನೆದುರಿಗೇ ತೆಗೆದ್ರು," ಎಂದ ಅವನು ಮೆಲ್ಲಗೆ. "ರೇಸಿಗೆ ಮುಂಚೆ ಅಲ್ಲಿದ್ದವ್ರೆಲ್ಲ ನಕ್ಕುಬಿಟ್ರು. ಇದೇನು ಮೇಸ್ತ್ರೀ, ಬೋಲ್ಟಿಗೂ ಬಳೆ ತೊಡಿಸಿದ್ದೀರಾ, ನೀವೂ ಒಂದು ಜೊತೆ ತೊಟ್ಕೊಳ್ಳಿ ಅಂದ್ರು. ಮಾವನಿಗೆ ರೋಷ ಬಂತು, ಬಳೆ ಕಿತ್ತು ಬೋಲ್ಟನ್ನ ಕೊನೇತನಕ ಬಿಗಿದುಬಿಟ್ರು."

ಚಮಚ ನಡುದಾರಿಯಲ್ಲೇ ನಿಂತಿತು.

"ಗೊತ್ತಿದ್ದೂ ಸುಮ್ಮನಿದ್ಯೇನೋ ಇಷ್ಟು ದಿನ?"

"ಏನ್ಮಾಡ್ಲಿ ಅತ್ತೆ? ಮಾವನ ಹೆಸರು ಕೆಟ್ಟರೆ ಗ್ಯಾರೇಜಿಗೆ ಯಾರು ಬರ್ತಾರೆ?" ಅವನು ಅವಳನ್ನು ಪ್ರೀತಿಯಿಂದಲೇ ನೋಡಿದ. "ನಿಮಗಾದ್ರೆ ಕೆಡೋಕೆ ಹೆಸರೇ ಇರ್ಲಿಲ್ವಲ್ಲ."

"ಮೇಸ್ತ್ರಿಗೆ ಇನ್ನೊಂದು ಗ್ಲಾಸು ಹಾಕ್ರೋ!" ಎಂದು ಒಳಗೆ ಯಾರೋ ಕೂಗಿದರು. ಮಿಲಿಸಾವ್ ನಕ್ಕದ್ದು ಕೇಳಿಸಿತು. ಒಬ್ರೆನ್ ಬಾಯಿ ತೆರೆದು ಕಾಯುತ್ತಿದ್ದ. ತಟ್ಟೆಯಲ್ಲಿ ಉಳಿದದ್ದನ್ನೂ ಅವಳು ಅವನಿಗೆ ತಿನ್ನಿಸಿದಳು.